ಬೆಳಕು ತಗ್ಗಿಸಲು ರೂಟ್ ಯಾಕೆ ಬೇಕು?

ಲಿನಕ್ಸ್‌ನಲ್ಲಿ ಲ್ಯಾಪ್‌ಟಾಪ್ ಪರದೆಯ ಬೆಳಕು ಎಂದರೆ ಒಂದು ಫೈಲಿನೊಳಗಿನ ಅಂಕಿ, ಅಷ್ಟೆ. ‘ಸಿಸ್’ ಫೋಲ್ಡರಿನೊಳಗೆ ‘ಕ್ಲಾಸ್’, ಅದರೊಳಗೆ ‘ಬ್ಯಾಕ್‌ಲೈಟ್’ ಎಂದು ಇಳಿಯುತ್ತ ಹೋದರೆ ‘ಬ್ರೈಟ್‌ನೆಸ್’ ಸಿಗುತ್ತದೆ. ಗರಿಷ್ಠ ಎಷ್ಟು ಎಂಬುದನ್ನು ಪಕ್ಕದ ಇನ್ನೊಂದು ಫೈಲು ಹೇಳುತ್ತದೆ: ಒಂದು ಯಂತ್ರದಲ್ಲಿ 15 ಇದ್ದರೆ ಮತ್ತೊಂದರಲ್ಲಿ ಸಾವಿರಗಟ್ಟಲೆ. ಇವು ಡಿಸ್ಕಿನ ಮೇಲೆ ಇರುವ ಫೈಲುಗಳಲ್ಲ, ಲಿನಕ್ಸ್‌ನ ತಿರುಳಾದ ಕರ್ನಲ್, ಫೈಲಿನ ವೇಷದಲ್ಲಿ ತೋರಿಸುವ ಗುಂಡಿಗಳು. ಅಂಕಿ ಬರೆದ ಕ್ಷಣವೇ ಹಿಂಬದಿಯ ಎಲ್‌ಇಡಿ ಬೆಳಕು ಬದಲಾಗುತ್ತದೆ.

ಓದಲು ಯಾರಿಗೂ ಅಡ್ಡಿಯಿಲ್ಲ. ಬರೆಯುವ ಹಕ್ಕು ಮಾತ್ರ ಎಲ್ಲ ಅಧಿಕಾರವಿರುವ ‘ರೂಟ್’ ಬಳಕೆದಾರನಿಗೆ. ಎಕೋ ಆದೇಶದಿಂದ 400 ಎಂದು ತುಂಬಲು ಹೋದರೆ ‘ಪರ್ಮಿಷನ್ ಡಿನೈಡ್’. ಮುಂದೆ, ರೂಟ್ ಅಧಿಕಾರ ಕೊಡಿಸುವ ‘ಸೂಡೊ’ ಸೇರಿಸಿದರೂ ಅದೇ ಉತ್ತರ! ಸೂಡೊ ಅಧಿಕಾರ ಕೊಡುವುದು ಎಕೋಗೆ. ಫೈಲು ತೆರೆಯುವುದು ಆದೇಶಗಳನ್ನು ಓದಿ ಓಡಿಸುವ ಶೆಲ್, ಅದಕ್ಕೆ ಆ ಅಧಿಕಾರ ಬಂದೇ ಇರುವುದಿಲ್ಲ. ಬಲ್ಲವರು ಫೈಲನ್ನು ತಾನೇ ತೆರೆದು ಬರೆಯುವ ‘ಟೀ’ ಎಂಬ ಆದೇಶವನ್ನು ಸೂಡೊ ಜೊತೆ ಓಡಿಸಿ ಕೆಲಸ ಮುಗಿಸುತ್ತಾರೆ.

ಪ್ರತಿ ಸಲ ಪಾಸ್‌ವರ್ಡ್ ಒತ್ತುವುದು ಬೇಸರ. ಅಡ್ಡದಾರಿ ಶುರುವಾಗುವುದೇ ಇಲ್ಲಿ. ಹೋಮ್ ಫೋಲ್ಡರಿನಲ್ಲಿ ಪುಟ್ಟ ಸ್ಕ್ರಿಪ್ಟ್ ಬರೆದು, ಪಾಸ್‌ವರ್ಡ್ ಕೇಳದೆ ಅದನ್ನು ಓಡಿಸುವಂತೆ ಸೂಡೊಗೆ ಹೇಳಿಬಿಡುವುದು ಹಲವರ ರೂಢಿ. ಬಲ್ಬ್ ಬದಲಿಸಲು ಬಂದವರ ಕೈಗೆ ಬೀರುವಿನ ಕೀಲಿ ಕೊಟ್ಟ ಹಾಗೆ ಇದು: ಬಳಕೆದಾರನ ಹೆಸರಿನಲ್ಲಿ ಓಡುವ ಯಾವ ತಂತ್ರಾಂಶ ಬೇಕಾದರೂ ಆ ಸ್ಕ್ರಿಪ್ಟನ್ನು ತಿದ್ದಿ ರೂಟ್ ಆಗಬಹುದು.

ಗ್ನೋಮ್, ಎಕ್ಸ್‌ಎಫ್‌ಸಿಇಯಂಥ ಡೆಸ್ಕ್‌ಟಾಪ್‌ಗಳು ಬೆಳಕಿನ ಅಂಕಿ ಬರೆಯಲು, ರೂಟ್ ಅಧಿಕಾರದಲ್ಲಿ ತಂತ್ರಾಂಶ ಓಡಿಸುವ ‘ಪಿಕೆಎಕ್ಸೆಕ್’ ನೆರವು ಪಡೆದಿದ್ದವು. 2022ರ ಜನವರಿಯಲ್ಲಿ ಕ್ವಾಲಿಸ್ ಸಂಸ್ಥೆ ಅದರ ದೋಷವೊಂದನ್ನು ಬಯಲು ಮಾಡಿತು. ಯಂತ್ರದಲ್ಲಿ ಖಾತೆ ಇದ್ದ ಯಾರೇ ಆಗಲಿ ಅದನ್ನು ಹಿಡಿದು ರೂಟ್ ಆಗಬಹುದಿತ್ತು. ದೋಷ 2009ರಿಂದಲೂ ಅಲ್ಲೇ ಇತ್ತು.

ಈಗ ಹಸನಾದ ದಾರಿಯಿದೆ. ಲಿನಕ್ಸ್ ಯಂತ್ರದ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ, 2019ರಲ್ಲಿ ಬಂದ 243ನೇ ಆವೃತ್ತಿಯಿಂದ, ಲಾಗಿನ್‌ಡಿ ಎಂಬ ಅದರ ಭಾಗವೇ ಬೆಳಕಿನ ಅಂಕಿಯನ್ನು ಬರೆದುಕೊಡುತ್ತದೆ. ಅದಕ್ಕೂ ಮುಂಚೆ ಅದು ಕೇಳುವುದು: ಈ ಲಾಗಿನ್ ಸೆಷನ್ ಕೇಳುವವನದ್ದೇ? ಸದ್ಯ ಪರದೆಯ ಮೇಲಿರುವುದು ಇದೇ ತಾನೇ? ಎರಡಕ್ಕೂ ಹೌದು ಎಂದಾದರೆ ಮಾತ್ರ ಕೆಲಸ; ಅದೂ ಬ್ಯಾಕ್‌ಲೈಟ್ ಮತ್ತು ಎಲ್‌ಇಡಿ ಸಾಧನಗಳಿಗೆ ಮಾತ್ರ, ಬೇರೆ ಯಾವುದಕ್ಕೂ ಇಲ್ಲ. ‘ಬ್ರೈಟ್‌ನೆಸ್‌ಸಿಟಿಎಲ್’ ಎಂಬ ಆದೇಶ ಈ ದಾರಿ ಹಿಡಿಯಬಲ್ಲದು: ಮುಂದೆ ‘ಸೆಟ್ 40%’ ಎಂದು ಬರೆದರೆ ಸಾಕು, ಪಾಸ್‌ವರ್ಡ್ ಬೇಡ.

ಸೊನ್ನೆಯ ವಿಷಯದಲ್ಲಿ ಮಾತ್ರ ಜೋಪಾನ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಪರದೆ ಪೂರ್ತಿ ಕಪ್ಪಾಗುತ್ತದೆ. ಯಂತ್ರ ಆರಿಸುವಾಗ ಸಿಸ್ಟಮ್‌ಡಿ ಬೆಳಕಿನ ಮಟ್ಟವನ್ನು ನೆನಪಿಟ್ಟುಕೊಂಡು ಮತ್ತೆ ಹಚ್ಚಿದಾಗ ಅದನ್ನೇ ತರುತ್ತದೆ. ಆದರೆ ನೆನಪಿನಲ್ಲಿರುವುದು ಸೊನ್ನೆಯಾದರೂ ಗರಿಷ್ಠದ ಶೇ 5ಕ್ಕಿಂತ ಕೆಳಗೆ ಇಳಿಸುವುದಿಲ್ಲ.