ರಾತ್ರಿ ಸಿಸಿಟಿವಿ ಚಿತ್ರ ಮಸುಕಾಗುವುದೇಕೆ? ಹುಳಗಳಿಗೂ ತೊಂದರೆಯಾಗದ ಪರಿಹಾರ



2013ರ ಜುಲೈನಲ್ಲಿ ಮೂಡುಬಿದಿರೆಯ ಸಿದ್ಧಾಂತ ಮಂದಿರದಿಂದ ಅಮೂಲ್ಯ ಜಿನಬಿಂಬಗಳು ಕಳವಾದ ಸುದ್ದಿ ಯಾರೂ ಮರೆತಿರಲಾರರು. ಅದನ್ನು ಓದಿದ ಮೇಲೆಯೇ ನಾನು ಮಡಿಕೇರಿಯ ಮನೆಗೂ ಅಂಗಡಿಗೂ ಕ್ಯಾಮೆರಾ ಹಾಕಿಸಿದ್ದು. ಹಾಕಿಸಿ ನೆಮ್ಮದಿಯಿಂದ ಮಲಗಿದೆ. ಒಂದು ಆಷಾಢದ ರಾತ್ರಿ ಯಾರೋ ಕಾಂಪೌಂಡ್ ಹಾರಿ ಬಂದು ದೇವರ ಕೋಣೆಯ ಕಿಟಕಿ ಮೀಟಲು ನೋಡಿದ್ದರು. ಬೆಳಿಗ್ಗೆ ರೆಕಾರ್ಡಿಂಗ್ ತೆಗೆದರೆ ಪರದೆ ತುಂಬ ಬಿಳಿ ಮಂಜು, ನಡುವೆ ಜೇಡರ ಬಲೆ, ಅದರ ಹಿಂದೆ ಓಡುವ ಒಂದು ನೆರಳು. ನೋಡಲು ಬಂದವರು, "ಇದು ಮನುಷ್ಯನೋ ನಾಯಿಯೋ ಹೇಳುವುದು ಕಷ್ಟ" ಎಂದರು. ಹಗಲು ಎದುರು ಗೇಟಿನ ಬೀಗವನ್ನೂ ತೋರಿಸುತ್ತಿದ್ದ ಕ್ಯಾಮೆರಾ ಅದು.

ಆಮೇಲೆ ನಾಲ್ಕು ಕಡೆ ವಿಚಾರಿಸಿ, ಪರಿಚಯದವರ ಮನೆಗಳಲ್ಲಿ ಏಣಿ ಹತ್ತಿ ಇಳಿದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕತ್ತಲಾದ ಕೂಡಲೇ ಕ್ಯಾಮೆರಾ ಒಳಗೆ 'ಟಿಕ್' ಎಂದು ಸಣ್ಣ ಸದ್ದಾಗುತ್ತದೆ. ಲೆನ್ಸಿನ ಹಿಂದಿರುವ ಒಂದು ಫಿಲ್ಟರ್ ಸರಿದು, ಚಿತ್ರ ಕಪ್ಪು-ಬಿಳುಪಾಗಿ, ಲೆನ್ಸಿನ ಸುತ್ತಲಿನ ಇನ್ಫ್ರಾರೆಡ್ ಎಲ್‌ಇಡಿಗಳು ಹೊತ್ತಿಕೊಳ್ಳುತ್ತವೆ. ಈ ಬೆಳಕು ನಮ್ಮ ಕಣ್ಣಿಗೆ ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ. ತೊಂದರೆ ಶುರುವಾಗುವುದೂ ಇಲ್ಲಿಂದಲೇ. ಸಂಪಾಜೆ ಘಾಟಿಯಲ್ಲಿ ಮಂಜು ಕವಿದಾಗ ಹೈಬೀಮ್ ಹಾಕಿದವರಿಗೆ ಇದು ಗೊತ್ತು: ಬೆಳಕು ಹೆಚ್ಚಿದಷ್ಟೂ ಎದುರು ಬಿಳಿ ಗೋಡೆ ನಿಲ್ಲುತ್ತದೆ, ರಸ್ತೆ ಕಾಣುವುದಿಲ್ಲ. ಲೆನ್ಸು ಮತ್ತು ಬೆಳಕು ಒಂದೇ ಕಡೆ ಇರುವುದರಿಂದ ಮಂಜಿನ ಕಣ, ಮಳೆಹನಿ, ಬಲೆಯ ಎಳೆ, ಹಾರುವ ಹುಳ, ಮಾಡಿನ ಅಂಚು ಎಲ್ಲದರ ಮೇಲೂ ಬಿದ್ದ ಬೆಳಕು ನೇರ ಲೆನ್ಸಿಗೇ ಹಿಂತಿರುಗುತ್ತದೆ. ಹತ್ತಿರದ ವಸ್ತು ಬೆಳ್ಳಗೆ ಹೊಳೆದಾಗ ಕ್ಯಾಮೆರಾ ಒಟ್ಟು ಚಿತ್ರವನ್ನೇ ತಗ್ಗಿಸುತ್ತದೆ. ದೂರದ ಮುಖ ಕತ್ತಲಲ್ಲಿ ಮುಳುಗುತ್ತದೆ.

ಆದ್ದರಿಂದ ಮದ್ದು ಇನ್ನೂ ದುಬಾರಿ ಕ್ಯಾಮೆರಾ ಅಲ್ಲ, ಬೆಳಕನ್ನು ಕ್ಯಾಮೆರಾದಿಂದ ಬೇರೆ ಮಾಡುವುದು. ಐಆರ್ ಇಲ್ಯುಮಿನೇಟರ್ ಎಂದು ಕೇಳಿದರೆ ಬೇರೆಯೇ ದೀಪ ಸಿಗುತ್ತದೆ. ಅದನ್ನು ಕ್ಯಾಮೆರಾದಿಂದ ಆರೆಂಟು ಅಡಿ ಪಕ್ಕಕ್ಕೆ ಹಾಕಿ, ಕ್ಯಾಮೆರಾದ ಸ್ವಂತ ಐಆರ್ ಅನ್ನು ಮೆನುವಿನಲ್ಲಿ ಆರಿಸಿ. ಆರಿಸಿದ ಮೇಲೆಯೂ ಚಿತ್ರ ಕಪ್ಪು-ಬಿಳುಪಿನ ನೈಟ್ ಮೋಡಿನಲ್ಲೇ ಇರಬೇಕು. ಬಣ್ಣಕ್ಕೆ ತಿರುಗಿದರೆ ಹೊರಗಿನ ದೀಪ ಅದಕ್ಕೆ ಕಾಣುವುದಿಲ್ಲ. ದೀಪಗಳಲ್ಲಿ 850 ನ್ಯಾನೋಮೀಟರಿನದು, 940ರದು ಎಂದು ಎರಡು ಬಗೆ. 850ರದ್ದು ಹತ್ತಿರದಿಂದ ಮಂದ ಕೆಂಪಾಗಿ ಕಾಣುತ್ತದೆ, ಆದರೆ ದೂರ ತಲುಪುತ್ತದೆ. 940 ಪೂರ್ತಿ ಅಗೋಚರ, ಆದರೆ ಬೆಳಕು ಕಡಿಮೆ. ಅಂಗಳಕ್ಕೆ 850 ಸಾಕು.

ಈಗ ಅಂಗಡಿಯವರು ರಾತ್ರಿಯೂ ಬಣ್ಣದ ಚಿತ್ರ ಕೊಡುವ ಕ್ಯಾಮೆರಾವನ್ನೇ ಮೊದಲು ತೋರಿಸುತ್ತಾರೆ. ಅವುಗಳಲ್ಲಿ ಹಲವು ರಾತ್ರಿಯಿಡೀ ಬಿಳಿ ದೀಪ ಉರಿಸುತ್ತವೆ. ಬಣ್ಣ ಚೆನ್ನಾಗಿ ಬರುತ್ತದೆ, ಕಳ್ಳನ ಅಂಗಿಯ ಬಣ್ಣ ತಿಳಿಯುತ್ತದೆ, ನಿಜ. ಆದರೆ ಮೊದಲ ಮಳೆ ಬಿದ್ದ ಸಂಜೆ ಆ ದೀಪದ ಕೆಳಗೆ ನೋಡಿ, ರೆಕ್ಕೆ ಗೆದ್ದಲು ರಾಶಿ ಬಿದ್ದಿರುತ್ತದೆ. ದೀಪಕ್ಕೆ ಬಂದು ಸಾಯುವ ಜೀವಗಳನ್ನು ನೆನೆದು ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ಮನೆಯವರು ನಾವು. ಅದೇ ಮನೆಯ ಸೂರಿನಲ್ಲಿ ಬೆಳಗಿನ ತನಕ ಇಂಥ ದೀಪ ಉರಿಸುವುದು ನನಗಂತೂ ಒಪ್ಪಿಗೆಯಾಗಲಿಲ್ಲ. ಇನ್ಫ್ರಾರೆಡ್ ಹೆಚ್ಚಿನ ಹುಳಗಳಿಗೆ ಕಾಣುವುದಿಲ್ಲ. ಹೊರಗೆ ದೀಪ ಬೇಕೇ ಬೇಕು ಎಂದರೆ ಹಳದಿ ಛಾಯೆಯ ಎಲ್‌ಇಡಿ ಹಾಕಿ, ಯಾರಾದರೂ ಬಂದಾಗ ಮಾತ್ರ ಹೊತ್ತುವ ಸೆನ್ಸರ್ ಜೋಡಿಸಿ. ಬಿಳಿ ಬೆಳಕಿಗಿಂತ ಹಳದಿಗೆ ಹುಳ ಕಡಿಮೆ.

ಜೇಡರ ಬಲೆಗೆ ಕೀಟನಾಶಕ ಸ್ಪ್ರೇ ಮಾಡಿ ಎಂದು ಕ್ಯಾಮೆರಾ ಹಾಕುವವರು ಸಲೀಸಾಗಿ ಹೇಳುತ್ತಾರೆ. ಬೇಡ. ಅದರಿಂದ ಲೆನ್ಸಿನ ಗಾಜಿಗೂ ಎಣ್ಣೆಯಂಥ ಪದರ ಹಿಡಿಯುತ್ತದೆ. ಹುಳ ಮುತ್ತುವ ದೀಪ ಕ್ಯಾಮೆರಾ ಪಕ್ಕದಲ್ಲಿ ಇಲ್ಲದಿದ್ದರೆ ಬಲೆಯೂ ಕಡಿಮೆಯಾಗುತ್ತದೆ. ಆದರೂ ಕಟ್ಟಿದರೆ ಹಗಲು ಹೊತ್ತಿನಲ್ಲಿ, ಜೇಡ ಅದರಲ್ಲಿ ಇದೆಯೋ ಎಂದು ನೋಡಿ, ಮೃದು ಬ್ರಷ್‌ನಿಂದ ನಿಧಾನ ಸರಿಸಿ. ಮೂಲೆ, ಸೂರಿನ ಸಂದಿ ಬಿಟ್ಟು ಗೋಡೆಯಿಂದ ಸ್ವಲ್ಪ ಮುಂದಕ್ಕೆ ಕ್ಯಾಮೆರಾ ಹಾಕಿಸಿದರೆ ಈ ಕೆಲಸ ವಾರಕ್ಕೊಮ್ಮೆ ಬರುವುದಿಲ್ಲ.

ಎತ್ತರದ ಬಗ್ಗೆ ಒಂದು ಮಾತು. ಯಾರೂ ಮುಟ್ಟಬಾರದೆಂದು ಹದಿನೈದು ಅಡಿ ಮೇಲೆ ಹಾಕಿಸಿದರೆ ಸಿಗುವುದು ತಲೆಯ ಟೋಪಿ ಮಾತ್ರ. ಮುಖ ಬೇಕಾದರೆ ಎಂಟೊಂಬತ್ತು ಅಡಿ ಸಾಕು. ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವುದಕ್ಕಿಂತ ಸೆನ್ಸರ್ ಎಷ್ಟು ದೊಡ್ಡದು ಎಂದು ಕೇಳಿ. ಸೆನ್ಸರ್ ಸಣ್ಣದಾದರೆ 8 ಮೆಗಾಪಿಕ್ಸೆಲ್ಲಿನದು ಕತ್ತಲಲ್ಲಿ 2 ಮೆಗಾಪಿಕ್ಸೆಲ್ಲಿನದಕ್ಕಿಂತ ಕೆಟ್ಟ ಚಿತ್ರ ಕೊಡಬಹುದು. ನಿಂತವನು ಸ್ಪಷ್ಟ, ನಡೆಯುವವನು ಭೂತದಂತೆ ಕಂಡರೆ ಶಟರ್ ನಿಧಾನವಾಗಿದೆ ಎಂದರ್ಥ. ಮೆನುವಿನಲ್ಲಿ 1/25 ಸೆಕೆಂಡಿಗಿಂತ ನಿಧಾನವಾಗದಂತೆ ಮಾಡಿಸಿ. ಚಿತ್ರ ತುಸು ಕಪ್ಪಾದರೂ ಮುಖ ಉಳಿಯುತ್ತದೆ.

ತೋಟದ ಮನೆಯವರಿಗೆ ಇನ್ನೊಂದು ಕಾಟ: ಹಗಲು ಸರಿಯಿದ್ದ ಕ್ಯಾಮೆರಾ ರಾತ್ರಿ ಮಾತ್ರ ಆಗಾಗ ಆರಿಹೋಗುವುದು. ಕ್ಯಾಮೆರಾ ಕೆಟ್ಟಿದೆ ಎಂದು ಬದಲಿಸಿ ಹಣ ಕಳೆದುಕೊಂಡವರಿದ್ದಾರೆ. ಐಆರ್ ಹೊತ್ತಿದಾಗ ಕರೆಂಟು ಹೆಚ್ಚು ಬೇಕು, ಗೇಟಿನವರೆಗಿನ ಉದ್ದದ ತೆಳು ವೈರಿನಲ್ಲಿ 12 ವೋಲ್ಟ್ ಇಳಿದುಹೋಗುತ್ತದೆ. ಅಡಾಪ್ಟರನ್ನು ಕ್ಯಾಮೆರಾ ಹತ್ತಿರ ತಂದರೆ ಸರಿಹೋಗುತ್ತದೆ. ಹೊಸದಾಗಿ ಹಾಕಿಸುವವರು ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟು ಹೋಗುವ ಪಿಒಇ ಹಾಕಿಸಲಿ, 100 ಮೀಟರ್ ತನಕ ಚಿಂತೆಯಿಲ್ಲ.

ಎಲ್ಲ ಮುಗಿದ ಮೇಲೆ ರಾತ್ರಿ ಹತ್ತಕ್ಕೆ ನೀವೇ ಗೇಟಿನಿಂದ ಬಾಗಿಲವರೆಗೆ ನಡೆದು ಬನ್ನಿ. ರೆಕಾರ್ಡಿಂಗ್ ಅನ್ನು ಪಕ್ಕದ ಮನೆಯವರಿಗೆ ತೋರಿಸಿ. ಅವರು ಗುರುತು ಹಿಡಿಯದಿದ್ದರೆ ಹಾಕಿದವರನ್ನು ಮತ್ತೆ ಕರೆಸಿ, ಬಾಕಿ ಹಣ ಅಲ್ಲಿಯವರೆಗೆ ಕೊಡಬೇಡಿ. ಮಳೆಗಾಲದಲ್ಲೊಮ್ಮೆ ಇದೇ ಪರೀಕ್ಷೆ ಮಾಡಿ.

ಯಂತ್ರದ ದಿನಾಂಕ, ಗಂಟೆ ಸರಿಯಿದೆಯೇ ನೋಡಿಕೊಳ್ಳಿ. ಏನಾದರೂ ನಡೆದರೆ ಅದೇ ದಿನ ಆ ಭಾಗವನ್ನು ಬೇರೆ ಪೆನ್‌ಡ್ರೈವ್‌ಗೆ ತೆಗೆದಿಡಿ, ಡಿಸ್ಕ್ ತುಂಬಿದರೆ ಹಳೆಯದು ತಾನೇ ಅಳಿಯುತ್ತದೆ. ನ್ಯಾಯಾಲಯಕ್ಕೆ ಹೋಗುವ ಪ್ರತಿಯ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ; ಠಾಣೆಯಲ್ಲಿ ಕೇಳಿದರೆ ನಮೂನೆ ತಿಳಿಸುತ್ತಾರೆ. ಮೂಲ ಯಂತ್ರವನ್ನು ಮಾತ್ರ ಫಾರ್ಮ್ಯಾಟ್ ಮಾಡಬೇಡಿ.