ಕಾಲಡಿಯ ಅಪಸ್ಮಾರ

ಬಾದಾಮಿಯ ಮೊದಲನೆಯ ಗುಹೆಯ ಬಳಿ, ಹದಿನೆಂಟು ತೋಳುಗಳ ನಟರಾಜನೆದುರು ವಿದ್ಯಾರ್ಥಿಗಳನ್ನು ನಿಲ್ಲಿಸಿಕೊಂಡು ನಾಲ್ಕು ಮಾತು ಹೇಳುವುದು ನನ್ನ ಪ್ರತಿ ವರ್ಷದ ಸಂತೋಷ. ಮುಂದಿನ ಕಾಲದ ಕಂಚಿನ ವಿಗ್ರಹಗಳಲ್ಲಿ ನಟರಾಜನ ಪಾದದಡಿಯಲ್ಲಿ ಕುಬ್ಜನೊಬ್ಬ ಬಿದ್ದಿರುತ್ತಾನೆ. ಅವನ ಹೆಸರು ಅಪಸ್ಮಾರ. ಸ್ಮರಣೆ ತೊಲಗಿಹೋಗುವುದೆಂದು ಆ ಶಬ್ದದ ಅರ್ಥ. ಚರಕಸಂಹಿತೆಯಲ್ಲಿ ಮೂರ್ಛೆರೋಗಕ್ಕೂ ಇದೇ ಹೆಸರು ಎಂದೆಲ್ಲ ವಿವರಿಸುತ್ತಿದ್ದೆ. ಶಬ್ದ ತಿಳಿದರೆ ವಸ್ತುವೂ ತಿಳಿಯಿತೆಂಬ ಭ್ರಮೆ ನಮ್ಮಂಥ ಕನ್ನಡ ಮಾಸ್ತರರಿಗೆ ಸಹಜವಾದುದು.

ಆ ಭ್ರಮೆ ಹರಿದದ್ದು ಕೆಲವು ವರ್ಷಗಳ ಹಿಂದೆ, ಬಾಗಲಕೋಟೆಯ ನನ್ನ ತರಗತಿಯಲ್ಲಿ. ಪಾಠದ ನಡುವೆ ಎರಡನೆಯ ಸಾಲಿನ ಹುಡುಗನೊಬ್ಬ ಚೀರಿ ನೆಲಕ್ಕುರುಳಿದ. ಕೈಕಾಲು ಸೆಡೆತು ಬಡಿಯತೊಡಗಿದವು, ಬಾಯಲ್ಲಿ ನೊರೆ. ಒಬ್ಬ ಉಳ್ಳಾಗಡ್ಡಿ ತರಲು ಓಡಿದ. ಇನ್ನೊಬ್ಬ ಚಪ್ಪಲಿಯನ್ನು ಮೂಗಿಗೆ ಹಿಡಿದ. ಎಂ.ಎ. ಪದವೀಧರನಾದ ನಾನು ಮಾಡಿದ್ದೇನು? ಮನೆಯ ಕೀಲಿಕೈ ಗೊಂಚಲನ್ನು ಅವನ ಮುಷ್ಟಿಯಲ್ಲಿ ತುರುಕಿದೆ! ಎರಡು ನಿಮಿಷಗಳಲ್ಲಿ ಸೆಳವು ತಾನಾಗಿಯೇ ನಿಂತಿತು. ಕೀಲಿಕೈಯಿಂದಲೇ ನಿಂತಿತೆಂದು ಎಲ್ಲರೂ ನಂಬಿದರು.

ಹುಡುಗ ಇಲಕಲ್ಲಿನ ನೇಕಾರ ಮನೆತನದವನು. ಮರುದಿನ ಬಂದ ತಂದೆ ಮೊದಲು ಕೇಳಿದ್ದು ಒಂದೇ ಮಾತು: "ಸರ, ಎಷ್ಟ ಮಂದಿ ನೋಡ್ಯಾರ್ರಿ?" ಮನೆಯಲ್ಲಿ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದರು. ಐದು ವರ್ಷಗಳಿಂದ ಬೇನೆಯನ್ನು ಮುಚ್ಚಿಟ್ಟಿದ್ದರು. ಹುನಗುಂದದ ತಾಯಿಯ ತವರಿನವರು ತಾಯತ ಕಟ್ಟಿಸಿದ್ದರು. ದವಾಖಾನೆಯ ಮೆಟ್ಟಿಲನ್ನು ಮಾತ್ರ ಹತ್ತಿರಲಿಲ್ಲ.

ಅವರನ್ನು ಬಾಗಲಕೋಟೆಯ ವೈದ್ಯರೊಬ್ಬರ ಬಳಿಗೆ ನಾನೇ ಕರೆದೊಯ್ದೆ. ಅವರು ಹೇಳಿದ್ದರ ಸಾರವಿಷ್ಟು. ಮೆದುಳಿನ ಜೀವಕೋಶಗಳು ಒಂದರೊಡನೊಂದು ಸೂಕ್ಷ್ಮವಾದ ವಿದ್ಯುತ್ತಿನ ಮೂಲಕ ವ್ಯವಹರಿಸುತ್ತವೆ. ಅನೇಕ ಕೋಶಗಳು ಒಮ್ಮೆಲೆ ಅಂಕೆ ತಪ್ಪಿ ಮಿಡಿದಾಗ ಸೆಳವು ಬರುತ್ತದೆ. ಇದು ದೆವ್ವವಲ್ಲ, ಶಾಪವಲ್ಲ, ಅಂಟುರೋಗವೂ ಅಲ್ಲ. ಎಲ್ಲ ಸೆಳವೂ ಅಪಸ್ಮಾರವಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ಕೂಸುಗಳಿಗೆ ಜ್ವರದಲ್ಲಿ ಬರುವ ಸೆಳವು ಬಹುಮಟ್ಟಿಗೆ ವಯಸ್ಸಿನೊಡನೆ ನಿಲ್ಲುತ್ತದೆ. ಹೆರಿಗೆಯ ಹೊತ್ತಿನಲ್ಲಿ ಮೆದುಳಿಗಾದ ಆಘಾತದಿಂದ ಮಕ್ಕಳಿಗೂ, ತಲೆಗೆ ಬಿದ್ದ ಪೆಟ್ಟಿನಿಂದ ಅಥವಾ ಪಾರ್ಶ್ವವಾಯುವಿನಿಂದ ದೊಡ್ಡವರಿಗೂ ಈ ರೋಗ ಬರಬಹುದು. ಹೊಲಸು ನೀರು, ತೊಳೆಯದ ಕಾಯಿಪಲ್ಲೆಗಳ ಮೂಲಕ ಹೊಟ್ಟೆ ಸೇರಿದ ಲಾಡಿಹುಳದ ತತ್ತಿಗಳಿಂದ ಹೊರಬಂದ ಮರಿಹುಳಗಳು ಮೆದುಳಿನಲ್ಲಿ ನೆಲೆಸುವುದೂ ಒಂದು ಕಾರಣ. ಎಷ್ಟೋ ಜನರಲ್ಲಿ ಕಾರಣವೇ ದೊರೆಯುವುದಿಲ್ಲ.

ಇದು ಎಲ್ಲೋ ಒಬ್ಬಿಬ್ಬರ ಕಥೆಯೆಂದು ವಾಚಕರು ಭಾವಿಸಬಾರದು. ನಿಮ್ಹಾನ್ಸ್ ಸಂಸ್ಥೆಯ ವೈದ್ಯರು 1993ರಿಂದ 1995ರವರೆಗೆ ಬೆಂಗಳೂರು ನಗರದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಲಕ್ಷಕ್ಕೆ ಮಿಕ್ಕಿದ ಜನರ ಸಮೀಕ್ಷೆ ನಡೆಸಿದರು. ಅಪಸ್ಮಾರ ಉಳ್ಳವರು ನಗರದಲ್ಲಿ ಸಾವಿರಕ್ಕೆ 5.7, ಹಳ್ಳಿಗಳಲ್ಲಿ 11.9. ಹಳ್ಳಿಯ ಲೆಕ್ಕದ ಅರ್ಧದಷ್ಟೇ ನಮ್ಮ ಕಡೆ ಇದೆಯೆಂದು ಹಿಡಿದರೂ ಐದು ಸಾವಿರ ಜನರ ಊರಿನಲ್ಲಿ ಸುಮಾರು ಮೂವತ್ತು ಜನರಾದರು. ಅವರೆಲ್ಲ ಎಲ್ಲಿ ಅಡಗಿದ್ದಾರೆ?

ಔಷಧ ದೂರದ್ದಲ್ಲ, ದುಬಾರಿಯದೂ ಅಲ್ಲ. ಫೆನೊಬಾರ್ಬಿಟೋನ್ 1912ರಿಂದಲೂ ಫೆನಿಟಾಯಿನ್ 1938ರಿಂದಲೂ ಬಳಕೆಯಲ್ಲಿವೆ. ಈ ಎರಡು ಹಳೆಯ ಗುಳಿಗೆಗಳನ್ನೇ ನೆಚ್ಚಿ ಡಾ. ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು ಯಳಂದೂರು ಸೀಮೆಯ ಹಳ್ಳಿಗರಿಗೆ ಚಿಕಿತ್ಸೆ ನೀಡಿ, ಅದರ ಫಲವನ್ನು 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಸರಿಯಾದ ಚಿಕಿತ್ಸೆ ದೊರೆತರೆ ನೂರಕ್ಕೆ ಎಪ್ಪತ್ತರಷ್ಟು ರೋಗಿಗಳು ಸೆಳವಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಕಾನೂನು ಸಹ ಕಣ್ಣು ತೆರೆದಿದೆ. ಹಿಂದೂ ವಿವಾಹ ಕಾಯಿದೆಯಲ್ಲಿ 1976ರಲ್ಲಿ ಹುಚ್ಚಿನ ಪಕ್ಕದಲ್ಲಿಯೇ ಸೇರಿಸಿದ್ದ ಅಪಸ್ಮಾರವೆಂಬ ಶಬ್ದವನ್ನು 1999ರಲ್ಲಿ ತೆಗೆದುಹಾಕಲಾಯಿತು. ಕಾಯಿದೆಯಿಂದ ಅಳಿದುದು ನಮ್ಮ ಪಡಸಾಲೆಗಳ ಮಾತಿನಿಂದ ಇನ್ನೂ ಅಳಿದಿಲ್ಲ.

ಇಷ್ಟೆಲ್ಲ ಕೇಳಿ ತಿಳಿದ ಮೇಲೂ ನಾನೊಂದು ತಪ್ಪು ಮಾಡಿದೆ. ಅದನ್ನು ಹೇಳಲೆಂದೇ ಈ ಲೇಖನ. ಗುಳಿಗೆ ಆರಂಭವಾಗಿ ಆರು ತಿಂಗಳು ಕಳೆದಿದ್ದವು. ಇಲಕಲ್ಲಿಗೆ ಹೋದಾಗ ಅವರ ಮನೆಗೂ ಹೋದೆ. ಕುಣಿಮಗ್ಗದಲ್ಲಿ ಕುಳಿತಿದ್ದ ತಂದೆ ಲಾಳಿ ನಿಲ್ಲಿಸಿ ಕೇಳಿದರು: "ಒಮ್ಮೆನೂ ಬಂದಿಲ್ಲರಿ, ಸರ. ಇನ್ನ ಗುಳಿಗಿ ಬಿಟ್ರ ನಡೀತೈತೇನ್ರಿ?" ಹುಡುಗನ ಮುಖದಲ್ಲಿ ಕಳೆ ಇತ್ತು. "ಆರಾಮ ಇದ್ದಾನಲ್ಲ, ಬಿಟ್ಟು ನೋಡ್ರಿ" ಎಂದುಬಿಟ್ಟೆ. ವೈದ್ಯರನ್ನು ಕೇಳಿರೆಂದು ಹೇಳಲು ನಾಲಗೆಗೆ ಎಷ್ಟು ಶ್ರಮವಾಗುತ್ತಿತ್ತು?

ಹನ್ನೆರಡನೆಯ ದಿನ ಸೆಳವು ಬಂದಿತು. ಒಂದು ನಿಂತು ಎಚ್ಚರವಾಗುವ ಮುನ್ನವೇ ಮತ್ತೊಂದು. ಬಾಗಲಕೋಟೆಗೆ ತಂದು ಸೇರಿಸಿದರು. ಎರಡು ರಾತ್ರಿ ಆ ತಾಯಿ ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿಯೇ ಕುಳಿತಿದ್ದಳು. ಗುಳಿಗೆ ಬಿಡಲು ಹೇಳಿದವನು ನಾನೆಂದು ಅವಳಿಗೆ ತಿಳಿದಿತ್ತು. ಆದರೂ ಒಂದು ಮಾತು ಆಡಲಿಲ್ಲ. ಹುಡುಗ ಬದುಕಿದ. ವೈದ್ಯರು ಇಷ್ಟೇ ಹೇಳಿದರು: "ಎರಡು ವರ್ಷವಾದರೂ ಸೆಳವಿಲ್ಲದೆ ಕಳೆಯಬೇಕು. ಆಮೇಲೆ ಬಿಡಬಹುದೋ ಇಲ್ಲವೋ ನಾವು ನೋಡುತ್ತೇವೆ. ಬಿಡುವುದಾದರೂ ಸ್ವಲ್ಪ ಸ್ವಲ್ಪವಾಗಿ."

ಶಿಲ್ಪದ ಅರ್ಥ ನನಗೆ ಆಗ ಹೊಳೆಯಿತು. ನಟರಾಜನು ಅಪಸ್ಮಾರನನ್ನು ಕೊಂದಿಲ್ಲ. ಕಾಲಡಿಯಲ್ಲಿ ಮೆಟ್ಟಿ ಹಿಡಿದಿದ್ದಾನೆ. ಗುಳಿಗೆಯ ಕೆಲಸವೂ ಅಂಥದೇ. ಕುಬ್ಜ ಸುಮ್ಮನಿದ್ದಾನೆಂದು ಕಾಲೆತ್ತಲು ಹೇಳಿದವನು ನಾನು.

ಆ ಹುಡುಗ ಪದವಿ ಮುಗಿಸಿ ಈಗ ಇಲಕಲ್ಲಿನಲ್ಲಿ ಸೀರೆಯ ಅಂಗಡಿಯೊಂದರ ಲೆಕ್ಕ ನೋಡಿಕೊಂಡಿದ್ದಾನೆ. ರಾತ್ರಿಯ ಊಟವಾದೊಡನೆ ತಾಯಿ ಗುಳಿಗೆಯನ್ನು ಅಂಗೈಗೆ ಹಾಕುತ್ತಾಳೆ. ನಾನು ಈಗಲೂ ವಿದ್ಯಾರ್ಥಿಗಳನ್ನು ಬಾದಾಮಿಗೆ ಕರೆದೊಯ್ಯುತ್ತೇನೆ. ಶಬ್ದಾರ್ಥವಾದ ಮೇಲೆ ಒಬ್ಬನನ್ನು ಕಲ್ಲುಹಾಸಿನ ಮೇಲೆ ಮಲಗಿಸಿ ತೋರಿಸುತ್ತೇನೆ: ಸೆಳವು ಬಂದವನ ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿರಿ, ತಲೆಯಡಿಗೆ ಮೆತ್ತನೆಯದೇನಾದರೂ ಇಡಿರಿ, ಒಂದು ಮಗ್ಗುಲಿಗೆ ಹೊರಳಿಸಿರಿ, ಬಾಯಿಗೆ ಏನನ್ನೂ ತುರುಕಬೇಡಿರಿ, ಗಡಿಯಾರ ನೋಡಿರಿ, ಐದು ನಿಮಿಷ ಮೀರಿದರೆ ದವಾಖಾನೆಗೆ ಒಯ್ಯಿರಿ. ಕೀಲಿಕೈ ಜೇಬಿನಲ್ಲಿಯೇ ಇರಲಿ.