ಕ್ರಿಯೆಯೇ ಇಲ್ಲದ ಕ್ರಿಯಾಪದ

ಬೆಳಗಾವಿ ನಗರದ ಶಾಲೆಗಳಿಂದ ಖಾನಾಪುರದ ಕಾಡಂಚಿನ ಶಾಲೆಗಳವರೆಗೆ ಕನ್ನಡ ಮಾಧ್ಯಮ, ಮರಾಠಿ ಮಾಧ್ಯಮವೆಂಬ ಭೇದವಿಲ್ಲದೆ ನೆಲೆಯೂರಿರುವ ಇಂಗ್ಲಿಷ್ ವ್ಯಾಕರಣದ ನಂಬಿಕೆಯೊಂದಿದ್ದರೆ ಅದು ‘ವರ್ಬ್ ಎಂದರೆ ಕೆಲಸವನ್ನು ತೋರಿಸುವ ಪದ’ ಎಂಬುದು. ಉಳಿದ ವಿಷಯಗಳಲ್ಲಿ ಸುಲಭಕ್ಕೆ ಒಮ್ಮತಕ್ಕೆ ಬಾರದ ಈ ಗಡಿಸೀಮೆಯಲ್ಲಿ ಎರಡೂ ಭಾಷೆಯವರು ಇಷ್ಟು ಸಲೀಸಾಗಿ ಒಪ್ಪಿಕೊಂಡಿರುವುದು ಒಂದು ತಪ್ಪನ್ನು ಎಂಬುದು ವಿನೋದವೇ ಸರಿ. ಇದಕ್ಕೆ ಕಾರಣ ಹೆಸರಿನಲ್ಲಿಯೇ ಇದೆ: ವರ್ಬ್ ಎಂಬುದಕ್ಕೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ‘ಕ್ರಿಯಾಪದ’ ಎಂಬ ಒಂದೇ ಮಾತು ಬಳಕೆಯಲ್ಲಿದ್ದು, ಅದರೊಳಗೆ ‘ಕ್ರಿಯೆ’ ಕುಳಿತಿರುವುದರಿಂದ, ಓಡು, ತಿನ್ನು, ಬರೆ ಎಂಬ ಮೂರು ಉದಾಹರಣೆಗಳಾದ ಕೂಡಲೇ ಪಾಠ ಮುಗಿಯಿತೆಂದು ಭಾವಿಸಲಾಗುತ್ತದೆ.

ಈ ವ್ಯಾಖ್ಯೆ ಎಷ್ಟು ದೂರ ನಡೆಯುತ್ತದೆಂಬುದನ್ನು ನೋಡಲು ಬೆಳಗಾವಿಯ ಕುಂದಾ ಒಂದೇ ಸಾಕು. ‘ದ ಕುಕ್ ಟೇಸ್ಟ್ಸ್ ದ ಕುಂದಾ’ ಎಂದಾಗ ಅಡುಗೆಯವನು ಚಮಚದ ತುದಿಯಲ್ಲಿ ಕುಂದಾ ತೆಗೆದುಕೊಂಡು ನಾಲಗೆಗೆ ಹಚ್ಚಿ ರುಚಿ ನೋಡುತ್ತಾನೆ; ಅಲ್ಲಿ ಕ್ರಿಯೆ ಇದೆ, ಕರ್ತೃವೂ ಕರ್ಮವೂ ಇವೆ. ‘ದ ಕುಂದಾ ಟೇಸ್ಟ್ಸ್ ಸ್ವೀಟ್’ ಎಂದಾಗಲಾದರೋ ಕುಂದಾ ಏನನ್ನೂ ಮಾಡುವುದಿಲ್ಲ, ತಟ್ಟೆಯಲ್ಲಿ ಸುಮ್ಮನೆ ಕುಳಿತಿರುತ್ತದೆ. ‘ಟೇಸ್ಟ್ಸ್’ ಎಂಬ ಅದೇ ಪದ ಇಲ್ಲಿ ಕುಂದಾ ಮತ್ತು ಸಿಹಿ ಎಂಬ ಎರಡನ್ನು ಬೆಸೆಯುವ ಕೊಂಡಿಯಾಗಿದ್ದು, ಇಂಥದ್ದನ್ನು ವ್ಯಾಕರಣಕಾರರು ಲಿಂಕಿಂಗ್ ವರ್ಬ್, ಅಂದರೆ ಕೊಂಡಿ ಕ್ರಿಯಾಪದ ಎನ್ನುತ್ತಾರೆ. ಕೊಂಡಿಯ ಮುಂದೆ ಗುಣವಾಚಕ ಬರಬೇಕು. ‘ಸ್ವೀಟ್ಲಿ’ ಎಂಬ ಕ್ರಿಯಾವಿಶೇಷಣ ಬರಕೂಡದು. ಎಲ್ಲ ವರ್ಬ್‌ಗಳೂ ಕೆಲಸಗಳೇ ಎಂದು ಕಲಿತವನಿಗೆ ಈ ನಿಯಮ ಏಕೆಂದು ಎಂದೂ ತಿಳಿಯುವುದಿಲ್ಲ.

ಈ ನಂಬಿಕೆಯ ಹೊಡೆತಕ್ಕೆ ಹೆಚ್ಚಾಗಿ ಸಿಕ್ಕಿರುವುದು ‘ಈಸ್’. ಅದರಲ್ಲಿ ಯಾವ ಕೆಲಸವೂ ಕಾಣದ್ದರಿಂದ ಅದನ್ನು ಎಲ್ಲೆಡೆಯೂ ‘ಹೆಲ್ಪಿಂಗ್ ವರ್ಬ್’, ಅಂದರೆ ಸಹಾಯಕ ಕ್ರಿಯಾಪದ ಎಂದು ಕರೆದು ಕೈತೊಳೆದುಕೊಳ್ಳಲಾಗುತ್ತದೆ. ‘ಹಲಸಿ ಈಸ್ ಅ ವಿಲೇಜ್’ ಎಂಬಲ್ಲಿ ಬೇರೆ ಕ್ರಿಯಾಪದವೇ ಇಲ್ಲದಿರುವಾಗ ಅದು ಯಾರಿಗೆ ಸಹಾಯ ಮಾಡುತ್ತದೆ? ಇಲ್ಲಿ ಅದೇ ಮುಖ್ಯ ಕ್ರಿಯಾಪದ. ‘ಹಲಸಿ ಒಂದು ಹಳ್ಳಿ’ ಎಂದರೆ ಕನ್ನಡದಲ್ಲಿ ಕ್ರಿಯಾಪದವಿಲ್ಲದೆಯೂ ವಾಕ್ಯ ಪೂರ್ಣವಾಗುವುದರಿಂದ ಕನ್ನಡದ ಮಗು ಇಂಗ್ಲಿಷಿನಲ್ಲಿಯೂ ‘ಈಸ್’ ಬಿಟ್ಟು ಬರೆದುಬಿಡುತ್ತದೆ. ‘ಹಲಶಿ ಹೇ ಏಕ್ ಗಾವ್ ಆಹೇ’ ಎನ್ನುವ ಮರಾಠಿ ಮಗುವಿಗೆ ‘ಆಹೇ’ ಎಂಬುದು ಮನೆಯಿಂದಲೇ ಬಂದಿರುತ್ತದೆ. ಖಾನಾಪುರ ತಾಲ್ಲೂಕಿನಲ್ಲಿ ಈ ಎರಡೂ ಮಕ್ಕಳು ಒಂದೇ ಓಣಿಯಲ್ಲಿ ಆಡುತ್ತಿರುವಾಗ, ಎರಡು ವಾಕ್ಯಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸಿದ್ದರೆ ಮುಗಿಯುತ್ತಿದ್ದ ಮಾತಿಗೆ ಕಂಠಪಾಠದ ವ್ಯಾಖ್ಯೆಯೇ ಏಕೆ ಬೇಕೋ ತಿಳಿಯದು. ಒಂದೇ ಪದ ಒಂದೆಡೆ ಮುಖ್ಯವೂ ಇನ್ನೊಂದೆಡೆ ಸಹಾಯಕವೂ ಆಗುವುದು ಕನ್ನಡಕ್ಕೂ ಹೊಸದಲ್ಲ: ‘ಮನೆ ಇದೆ’ ಎಂಬಲ್ಲಿ ತಾನೇ ಯಜಮಾನನಾದ ‘ಇರು’ ಧಾತು ‘ಮಳೆ ಬರುತ್ತಿದೆ’ ಎಂಬಲ್ಲಿ ‘ಬರು’ವಿಗೆ ಆಳಾಗಿ ದುಡಿಯುತ್ತದೆ.

ಇರುವುದು ಕೂಡ ಕ್ರಿಯಾಪದದ ಅರ್ಥವೇ ಎಂಬುದು ಭಾರತೀಯ ವ್ಯಾಕರಣ ಪರಂಪರೆಗೆ ಬಹು ಹಿಂದೆಯೇ ಗೊತ್ತಿತ್ತು. ‘ನಿರುಕ್ತ’ದಲ್ಲಿ ಯಾಸ್ಕನು ವಾರ್ಷ್ಯಾಯಣಿಯ ಮತವೆಂದು ಹೇಳುವ ಆರು ಭಾವವಿಕಾರಗಳಲ್ಲಿ, ಅಂದರೆ ಕ್ರಿಯಾಪದ ಹೇಳುವ ಆಗುವಿಕೆಯ ಬಗೆಗಳಲ್ಲಿ, ಹುಟ್ಟುವುದರ ಬೆನ್ನಿಗೇ ಇರುವುದೂ ಎಣಿಕೆಯಾಗಿದೆ. ಬೆಳಗಾವಿ ಆಗ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಶಿಕ್ಷಣ ಸೇವೆಯಲ್ಲಿದ್ದ, ‘ಬೋ ಜೆಸ್ಟ್’ ಕಾದಂಬರಿಯಿಂದಲೂ ಹೆಸರಾದ ಪಿ. ಸಿ. ರೆನ್ ಅವರು ಎಚ್. ಮಾರ್ಟಿನ್ ಜೊತೆಗೆ 1930ರ ದಶಕದಲ್ಲಿ ಹೊರತಂದ ವ್ಯಾಕರಣವೂ ಕ್ರಿಯಾಪದವು ಕ್ರಿಯೆಯನ್ನಷ್ಟೇ ಅಲ್ಲ, ಸ್ಥಿತಿಯನ್ನೂ ಹೇಳುತ್ತದೆ ಎಂದೇ ವಿವರಿಸುತ್ತದೆ. ಪ್ರಮಾಣವೆಂದು ಎಲ್ಲರೂ ಬೊಟ್ಟುಮಾಡುವ ಪುಸ್ತಕವನ್ನು ಬಿಡಿಸಿ ನೋಡಿದವರು ಕಡಿಮೆಯೆಂದೇ ತೋರುತ್ತದೆ.

‘ಐ ಆಮ್ ನೋಯಿಂಗ್’, ‘ಐ ಆಮ್ ಹ್ಯಾವಿಂಗ್ ಮನಿ’ ಎಂಬ ಪ್ರಯೋಗಗಳ ಬೇರೂ ಇದೇ ಮಣ್ಣಿನಲ್ಲಿದೆ. ಎಲ್ಲವೂ ಕೆಲಸವೆಂದಾದ ಮೇಲೆ ತಿಳಿದಿರುವುದೂ ಹೊಂದಿರುವುದೂ ನಡೆಯುತ್ತಿರುವ ಕೆಲಸಗಳಾಗಿ ‘ಇಂಗ್’ ಅಂಟಿಸಿಕೊಳ್ಳುತ್ತವೆ. ‘ನನಗೆ ಗೊತ್ತಿದೆ’, ‘ಮಲಾ ಮಾಹೀತ್ ಆಹೇ’ ಎಂಬಲ್ಲಿನ ‘ಇದೆ’, ‘ಆಹೇ’ಗಳು ‘ಆಮ್’ ಆಗಿ ಬಂದು ಕೂರುತ್ತವೆ. ‘ನನ್ನ ಕಡೆ ರೊಕ್ಕ ಐತಿ’ ಎನ್ನುವ ಬೆಳಗಾವಿಯ ಕನ್ನಡಿಗನಿಗಾಗಲಿ ‘ಮಾಝ್ಯಾಕಡೇ ಪೈಸೇ ಆಹೇತ್’ ಎನ್ನುವ ನೆರೆಯವನಿಗಾಗಲಿ ‘ಹ್ಯಾವ್’ಗೆ ಸರಿಹೊಂದುವ ಕ್ರಿಯಾಪದ ತಾಯ್ನುಡಿಯ ಈ ವಾಕ್ಯದಲ್ಲಿಲ್ಲ, ಇಬ್ಬರಲ್ಲೂ ಇರುವುದು ‘ಕಡೆ’ ಮತ್ತು ‘ಇರು’ ಮಾತ್ರ. ಸ್ಥಿತಿವಾಚಕ ಕ್ರಿಯಾಪದಗಳಿಗೆ ಸಾಮಾನ್ಯವಾಗಿ ‘ಇಂಗ್’ ರೂಪ ಒಗ್ಗುವುದಿಲ್ಲ. ಹಾಗೆಂದು ‘ಹ್ಯಾವಿಂಗ್’ ಎಂಬುದೇ ತಪ್ಪೆಂದು ಕೆಂಪು ಶಾಯಿಯಲ್ಲಿ ಗೀಚುವುದು ಇನ್ನೊಂದು ಮೌಢ್ಯ. ‘ಐ ಆಮ್ ಹ್ಯಾವಿಂಗ್ ಲಂಚ್’ ಎಂಬಲ್ಲಿ ಅರ್ಥ ಉಣ್ಣುವುದಾದ್ದರಿಂದ ಪ್ರಯೋಗ ಸರಿಯೇ.

ವರ್ಬ್ ಕುರಿತ ಉಳಿದ ತಪ್ಪು ನಂಬಿಕೆಗಳನ್ನು ಬೇಗ ಮುಗಿಸಬಹುದು. ಒಂದು ಕ್ರಿಯಾಪದ ಸಕರ್ಮಕ ಇಲ್ಲವೇ ಅಕರ್ಮಕ ಎಂದು ಹಣೆಯಲ್ಲಿ ಬರೆಸಿಕೊಂಡು ಬಂದಿರುವುದಿಲ್ಲ: ಕನ್ನಡ ನಿಲ್ಲು, ನಿಲ್ಲಿಸು ಎಂದು ಬೇರ್ಪಡಿಸುವುದನ್ನು, ರೈಲು ಲೋಂಡಾದಲ್ಲಿ ನಿಂತರೂ ಚಾಲಕ ಅದನ್ನು ನಿಲ್ಲಿಸಿದರೂ, ಇಂಗ್ಲಿಷ್ ‘ಸ್ಟಾಪ್’ ಒಂದರಲ್ಲೇ ಹೇಳುತ್ತದೆ. ‘ವಿಲ್’ ಇಲ್ಲದೆ ಭವಿಷ್ಯವಿಲ್ಲ ಎಂಬುದೂ ಸುಳ್ಳು. ನಾಳೆಯ ಬಸ್ಸಿಗೂ ಕನ್ನಡದಲ್ಲಿ ‘ಹೊರಡುತ್ತದೆ’ ಎನ್ನುವಂತೆಯೇ ಇಂಗ್ಲಿಷಿನಲ್ಲಿ ‘ಲೀವ್ಸ್’ ಸಾಕು.

ಖಾನಾಪುರದ ಹಂಚು ಕೊಳ್ಳುವಾಗ ಬೆರಳಿನಿಂದ ತಟ್ಟಿ ಸದ್ದು ಕೇಳುವ ಜನ, ಗೈಡಿನಲ್ಲಿ ಅಚ್ಚಾದ ವ್ಯಾಖ್ಯೆಯನ್ನು ಒಮ್ಮೆಯೂ ತಟ್ಟಿ ನೋಡದೆ ಮನೆಗೆ ಒಯ್ಯುತ್ತಾರೆ. ಮೂವತ್ತು ದಿನಗಳಲ್ಲಿ ಇಂಗ್ಲಿಷ್ ಕಲಿಸುವ ಫಲಕಗಳು ನಗರದ ಗೋಡೆಗಳಲ್ಲಿ ಉಳಿದಿರುವುದೂ ಈ ಮುಗ್ಧತೆಯ ಬಲದಿಂದಲೇ. ತಟ್ಟಿ ನೋಡುವುದಕ್ಕೆ ಪಾಂಡಿತ್ಯವೇನೂ ಬೇಕಿರಲಿಲ್ಲ. ಮಕ್ಕಳಿಗೆ ಬಾಯಿಪಾಠ ಮಾಡಿಸುವ ‘ಅ ವರ್ಬ್ ಈಸ್ ಅ ಡೂಯಿಂಗ್ ವರ್ಡ್’ ಎಂಬ ವಾಕ್ಯದಲ್ಲಿ ‘ಡೂಯಿಂಗ್’ ಬರೀ ವಿಶೇಷಣವಾಗಿದ್ದು, ಇಡೀ ವಾಕ್ಯವನ್ನು ಹೊತ್ತು ನಿಂತಿರುವ ಕ್ರಿಯಾಪದ ಯಾವ ಕೆಲಸವನ್ನೂ ತೋರಿಸದ ‘ಈಸ್’ ಒಂದೇ.